ಮೇಲಿನ ಒಂದು ಗೇಣು

ಹೂಳಿನ ಸಂಘದ ಪತ್ರಿಕೆಯನ್ನು ಯಾರಪ್ಪ ಓದುತ್ತಾರೆ ಎಂದು ಮೂಗು ಮುರಿಯಬೇಡಿ. ಅದರ ಪೂರ್ತಿ ಹೆಸರು 'ಬಡಗಣ ವಲಯ ಮಣ್ಣು ಸವಕಳಿ ಹಾಗೂ ಹೂಳು ನಿಯಂತ್ರಣ ವೃತ್ತಿಪರರ ಸಂಘದ ಮಾಸಿಕ ಸಮಾಚಾರ'. ಹೆಸರು ಓದಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಮೊದಲೆಲ್ಲ ಅದರಲ್ಲಿ ಇರುತ್ತಿದ್ದದ್ದು ಇಂಥವರಿಗೆ ಬಡ್ತಿ, ಇಂಥಲ್ಲಿ ವಿಚಾರ ಸಂಕಿರಣ, ಮಧ್ಯಾಹ್ನ ಹೋಳಿಗೆ ಊಟ ಎಂಬಂಥ ಸುದ್ದಿಗಳು. ಮಣ್ಣು ವಿಶ್ರಾಂತಿ ಕಾಯ್ದೆ ಬಂದ ಮೇಲೆ ಅದೇ ಹನ್ನೆರಡು ಪುಟಗಳಿಗಾಗಿ ಹಳ್ಳಿಹಳ್ಳಿಗಳಲ್ಲಿ ಜನ ಉಸಿರು ಬಿಗಿಹಿಡಿದು ಕಾಯತೊಡಗಿದರು. ಯಾವ ಊರು ಉಳಿಯಿತು, ಯಾವ ಊರು ಖಾಲಿ ಮಾಡಬೇಕಾಯಿತು ಎಂಬುದು ಎಲ್ಲಕ್ಕಿಂತ ಮೊದಲು ಅಚ್ಚಾಗುತ್ತಿದ್ದುದು ಅದರ ಮೂರನೆಯ ಪುಟದಲ್ಲಿ.

ಆ ವರ್ಷದ ಮಾರ್ಚ್ ಸಂಚಿಕೆಯ ಮೂರನೆಯ ಪುಟದಲ್ಲಿ, ಖಾಲಿಯಾಗುವ ಊರುಗಳ ಪಟ್ಟಿಯಲ್ಲಿ, ಗೊರವನಗುಡ್ಡದ ಹೆಸರು ಬಂತು. ಮೊದಲನೆಯ ಪುಟದಲ್ಲಿ ಆ ವರದಿಗೆ ಸಹಿ ಹಾಕಿದ ವಿಜ್ಞಾನಿ ತೇಜಸ್ವಿನಿ ಕುಂಬಾರಳ ಫೋಟೋ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಹುಟ್ಟಿದೂರಿಗೂ ರಿಯಾಯಿತಿ ತೋರದ ನಿಷ್ಠೆ'. ಗೊರವನಗುಡ್ಡ ಅವಳು ಹುಟ್ಟಿದ ಊರು. ಅವಳ ಅಕ್ಕ ಕಸ್ತೂರಿ ಎರಡೆಕರೆ ಜೋಳ ಬೆಳೆದುಕೊಂಡು ಇನ್ನೂ ಇದ್ದ ಊರು.

ಯಂತ್ರದ ಬಗ್ಗೆ ಎರಡು ಮಾತು ಹೇಳದೆ ಈ ಕಥೆ ಮುಂದೆ ಹೋಗದು. ಅಣೆಕಟ್ಟುಗಳೆಲ್ಲ ಹೂಳು ತುಂಬಿ ಆಳವಿಲ್ಲದ ಪರಾತದಂತಾಗಿದ್ದ ಕಾಲ ಅದು. ಸೋಮನಕಟ್ಟಿ ಜಲಾಶಯವನ್ನು ನಂಬಿದ್ದ ನಾಲ್ಕು ನಗರಗಳ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು. ಆಗ ಬಂತು ಮೂಲಶೋಧಕ. ಪ್ರತಿ ಹೊಲದ ಮಣ್ಣಿಗೂ ಅದರದೇ ಗುರುತಿರುತ್ತದೆ. ಖನಿಜಗಳ ಪ್ರಮಾಣ, ಬೇರಿನ ಚೂರು, ಕಣ್ಣಿಗೆ ಕಾಣದ ಶಿಲೀಂಧ್ರಗಳ ಜಾತಕ. ವಲಯದ ಎಲ್ಲ ಹೊಲಗಳ ಗುರುತನ್ನೂ ಮೊದಲೇ ದಾಖಲಿಸಿಟ್ಟುಕೊಂಡು, ಆಮೇಲೆ ಜಲಾಶಯದ ತಳದಿಂದ ಒಂದು ಚಿಟಿಕೆ ಹೂಳು ತಿನ್ನಿಸಿದರೆ ಸಾಕು, ಅದು ಯಾವ ಊರಿನ ಯಾವ ಸರ್ವೆ ನಂಬರಿನಿಂದ ಕೊಚ್ಚಿಕೊಂಡು ಬಂತೆಂದು ಯಂತ್ರ ಹೇಳಿಬಿಡುತ್ತಿತ್ತು. ಹಳ್ಳಿಯವರು ಅದಕ್ಕೆ ಚಾಡಿಯಂತ್ರ ಎಂದು ಹೆಸರಿಟ್ಟರು. ಸತತ ಮೂರು ವರ್ಷ ಹೂಳಿನ ಕಾಲುಭಾಗಕ್ಕಿಂತ ಹೆಚ್ಚು ಕಳಿಸಿದ ಊರಿಗೆ ಹದಿನೈದು ವರ್ಷ ವಿಶ್ರಾಂತಿ ಎಂದಿತು ಕಾಯ್ದೆ. ಅಂದರೆ ನೇಗಿಲಿಲ್ಲ, ದನವಿಲ್ಲ, ಜನವೂ ಇಲ್ಲ. ವಿಶ್ರಾಂತಿ ಮಣ್ಣಿಗೆ, ವನವಾಸ ಮನುಷ್ಯರಿಗೆ. ಇಂಥ ಕಾಯ್ದೆ ಬರೆದವರ ಮನೆಯಲ್ಲಿ ಹೊಲವಿರಲಿಲ್ಲ ಎಂದು ಬೇರೆ ಹೇಳಬೇಕೆ?

ಶುರುವಿನಲ್ಲಿ ಯಂತ್ರ ತಡವರಿಸುತ್ತಿತ್ತು. ಹೊಲದ ಮೇಲ್ಮಣ್ಣಿನಲ್ಲಿ ಗೊಬ್ಬರ, ಕಬ್ಬಿನ ಒಣಸೋಗೆಯ ರವದಿ, ಗಾಳಿಗೆ ಹಾರಿಬಂದ ಧೂಳು ಎಲ್ಲ ಕಲಸಿಕೊಂಡು ಗುರುತು ಮಸುಕಾಗುತ್ತಿತ್ತು. ನೂರು ಸಲ ಕೇಳಿದರೆ ಮೂವತ್ತು ಸಲ ತಪ್ಪು. ಅದನ್ನು ದಾರಿಗೆ ತಂದವಳು ತೇಜಸ್ವಿನಿ. 'ಮಾದರಿ ತೆಗೆಯುವ ಮುನ್ನ ಮೇಲಿನ ಒಂದು ಗೇಣು ಮಣ್ಣನ್ನು ಕೆರೆದು ಹಾಕತಕ್ಕದ್ದು' ಎಂಬ ಒಂದೇ ಸಾಲಿನ ನಿಯಮ ಬರೆದಳು. ಯಂತ್ರ ನೂರಕ್ಕೆ ತೊಂಬತ್ತೇಳು ಸಲ ಸರಿಯಾಗಿ ಹೇಳತೊಡಗಿತು. ಸಂಘ ಅವಳಿಗೆ ಶಾಲು ಹೊದಿಸಿ, ಸೋಮನಕಟ್ಟಿ ಪ್ರಯೋಗಾಲಯದ ಮುಖ್ಯಸ್ಥೆಯನ್ನಾಗಿ ಮಾಡಿತು.

ಪತ್ರಿಕೆಯಲ್ಲಿ ಹೆಸರು ಬರುವ ಒಂದು ತಿಂಗಳು ಮೊದಲು ಕಸ್ತೂರಿ ಆ ಪ್ರಯೋಗಾಲಯಕ್ಕೆ ಬಂದಿದ್ದಳು. ಊರ ತುಂಬ ಗುಸುಗುಸು ಹಬ್ಬಿತ್ತು. ಎರಡು ಬಸ್ಸು ಬದಲಿಸಿ, ಸೆರಗಿನಲ್ಲಿ ಹೊಲದ ಒಂದು ಹೆಂಟೆ ಮಣ್ಣು ಕಟ್ಟಿಕೊಂಡು ಬಂದವಳು, ಗಾಜಿನ ಬಾಗಿಲಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ತೇಜಿ, ನಮ್ಮೂರಿನ ಮಣ್ಣು ಹರದು ಹೊಂಟೈತಿ ಅಂತ ಬರದೀಯಂತ, ಖರೇನ?"

"ನಾ ಬರದಿಲ್ಲಕ್ಕ. ಮಷಿನ್ ಹೇಳ್ತೈತಿ. ಮೂವತ್ತೆಂಟು ಪರ್ಸೆಂಟ್ ನಿಮ್ಮೂರಿಂದನ."

"ಹುಚ್ಚಿ! ಗುಡ್ಡದ ಮ್ಯಾಲಿನ ಊರು ಅಂತ ನಮ್ಮ ಹಿರ್ಯಾರು ಹೆಜ್ಜಿ ಹೆಜ್ಜಿಗೂ ಕಲ್ಲಿನ ಒಡ್ಡು ಹಾಕ್ಯಾರ. ಇಪ್ಪತ್ತು ವರ್ಷದಾಗ ನನ್ನ ಒಡ್ಡು ಒಂದ ಸಲ ಹರದಿಲ್ಲ. ನೀನ ಬಂದು ನೋಡು. ಅರ್ಧ ದಿನದ ಕೆಲಸ."

"ನಾ ಬಂದು ನೋಡಿದರ, ಅಕ್ಕನ ಊರು ಅಂತ ಉಳಿಸಿದ್ಲು ಅಂತಾರ. ನನ್ನ ಮಾತಿಗೆ ಏನ್ ಬೆಲಿ ಉಳೀತೈತಿ?"

"ಹಂಗಾರ ಈ ಹೆಂಟಿನಾರ ನೋಡು," ಎಂದು ಕಸ್ತೂರಿ ಸೆರಗು ಬಿಚ್ಚಿದಳು. ತೇಜಸ್ವಿನಿ ಅದನ್ನು ಮುಟ್ಟಲಿಲ್ಲ. ನಿಯಮದ ಪ್ರಕಾರ ತೆಗೆಯದ ಮಾದರಿ ಅದು. ಇವಳು ಓದಲಿ ಎಂದು ತಾನು ಶಾಲೆ ಬಿಟ್ಟು, ತಲೆಯ ಮೇಲೆ ಗಡಿಗೆ ಹೊತ್ತು ಹನ್ನೊಂದು ಊರಿನ ಸಂತೆ ತಿರುಗಿದ ಅಕ್ಕ ನಿಂತೇ ಇದ್ದಳು. ತೇಜಸ್ವಿನಿ ಕಂಪ್ಯೂಟರಿನ ಪರದೆ ನೋಡುತ್ತ ಕೂತಳು. ಅಯ್ಯೋ, ಪ್ರಾಮಾಣಿಕತೆ ಒಮ್ಮೊಮ್ಮೆ ಮನುಷ್ಯನನ್ನು ಎಷ್ಟು ಕುರುಡು ಮಾಡುತ್ತದೆ! ಕಸ್ತೂರಿ ಹೆಂಟೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು.

ವರದಿಗೆ ಸಹಿ ಹಾಕುವ ದಿನ ಸಂಘದ ಅಧ್ಯಕ್ಷ ಡಾಕ್ಟರ್ ಕಟಗೇರಿಯವರೇ ಕೇಳಿದರು, "ನಿಮ್ಮ ಅಕ್ಕಾರು ಅದಾರಲ್ಲ ಆ ಊರಾಗ. ಬ್ಯಾರೇದವರ ಕಡಿಂದ ಸಹಿ ಮಾಡಸೋಣೇನ್ರಿ?" ಕಟಗೇರಿ ಕೆಟ್ಟ ಮನುಷ್ಯರಲ್ಲ. ಯಾರ ಮನಸ್ಸೂ ನೋಯಬಾರದು, ಯಾವ ಕಡತವೂ ನಿಲ್ಲಬಾರದು ಎನ್ನುವ ಜಾತಿ.

"ಬ್ಯಾಡ್ರಿ ಸರ್. ನಾನ ಹಾಕ್ತೀನಿ," ಎಂದಳು ತೇಜಸ್ವಿನಿ. ಹಾಗೆನ್ನುವಾಗ ಅವಳಿಗೆ ತನ್ನ ಮೇಲೆ ಒಂದಿಷ್ಟು ಹೆಮ್ಮೆಯೇ ಆಯಿತು.

ಗೊರವನಗುಡ್ಡ ಎರಡು ತಿಂಗಳಲ್ಲಿ ಖಾಲಿಯಾಯಿತು. ನೂರಾ ಹದಿನಾಲ್ಕು ಮನೆಗಳವರನ್ನು ಜಿಲ್ಲಾ ಪಟ್ಟಣದ ಹೊರಗಿನ ಹದಿನಾರು ಅಂತಸ್ತಿನ ವಸತಿ ಗೋಪುರಗಳಿಗೆ ಸಾಗಿಸಿದರು. ದನಗಳನ್ನು ದೂರದ ಊರಿನವರು ಹೊಡೆದುಕೊಂಡು ಹೋದರು. ಊರು ಬಿಡುವಾಗ ಹೆಂಗಸರು ಅಳಲಿಲ್ಲವಂತೆ, ಒಬ್ಬೊಬ್ಬರಾಗಿ ಒಡ್ಡಿನ ಮೇಲೆ ನಡೆದು, ಸಡಿಲವಾಗಿದ್ದ ಕಲ್ಲುಗಳನ್ನು ಕೂರಿಸಿ ಬಂದರಂತೆ. ಇದನ್ನು ತೇಜಸ್ವಿನಿಗೆ ಹೇಳಿದವನು ಅವಳ ಗಂಡ ಗಿರಿಮಲ್ಲ. ಹೈಸ್ಕೂಲ್ ಮಾಸ್ತರ. ಸಾಮಾನು ಹೊರಲು ಒಂದು ಕೈ ಎಂದು ಹೋಗಿದ್ದ.

"ನಿಮ್ಮ ಅಕ್ಕ ನನ್ನ ಕೂಡ ಮಾತಾಡಿದ್ಲು. ನಿನ್ನ ಸುದ್ದಿ ತಗೀಲಿಲ್ಲ," ಎಂದ, ಉಣ್ಣುತ್ತ.

"ಹದಿನೈದು ವರ್ಷ ಆದಮ್ಯಾಲ ಆಕಿಗೇ ತಿಳೀತೈತಿ," ಎಂದಳು ತೇಜಸ್ವಿನಿ.

"ಹದಿನೈದು ವರ್ಷಕ್ಕ ಆಕಿಗೆ ಎಪ್ಪತ್ತಾಗತಾವು," ಎಂದು ಗಿರಿಮಲ್ಲ ಕೈ ತೊಳೆಯಲು ಎದ್ದ.

ಒಂದು ಮಳೆಗಾಲ ಕಳೆಯಿತು. ಎರಡನೆಯದೂ ಕಳೆಯಿತು. ಸೋಮನಕಟ್ಟಿಯ ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ ಹೊಸ ಹೂಳಿನ ಲೆಕ್ಕ ಮೂಡಿದಾಗ ತೇಜಸ್ವಿನಿ ಅದನ್ನು ಎರಡೆರಡು ಸಲ ಓದಿದಳು. ಗೊರವನಗುಡ್ಡ ಮೂವತ್ತೊಂಬತ್ತು. ನೇಗಿಲು ಮುಟ್ಟದ, ದನ ತುಳಿಯದ, ಎದೆಮಟ್ಟ ಹುಲ್ಲು ಬೆಳೆದ ಗುಡ್ಡದಿಂದ ಮೊದಲಿಗಿಂತ ಒಂದಂಶ ಹೆಚ್ಚು ಮಣ್ಣು! ಯಂತ್ರವನ್ನು ಬಿಚ್ಚಿಸಿ ತೊಳೆಸಿದಳು. ಬೇರೆ ಚಿಟಿಕೆ ಹಾಕಿದಳು. ಅದು ಚಾಡಿ ಬದಲಿಸಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಗೊರವನಗುಡ್ಡಕ್ಕೆ ಹೋದಳು. ಎರಡು ವರ್ಷ ಮೊದಲೇ ಮಾಡಬೇಕಿದ್ದ ಅರ್ಧ ದಿನದ ಕೆಲಸ. ಮನೆಗಳನ್ನು ಕೆಡವಿರಲಿಲ್ಲ, ಬಾಗಿಲುಗಳಿಗೆ ಮುದ್ರೆ ಹಾಕಿತ್ತು. ಒಡ್ಡುಗಳ ಮೇಲೆ ಗುಡ್ಡದ ನೆತ್ತಿಯಿಂದ ತಪ್ಪಲಿನವರೆಗೂ ನಡೆದಳು. ಒಂದೇ ಒಂದು ಕಲ್ಲು ಜಾರಿರಲಿಲ್ಲ. ತಪ್ಪಲಿನ ಕೆರೆಯ ಕೋಡಿಯಲ್ಲಿ ಹರಿಯುತ್ತಿದ್ದ ನೀರು ಗಿಂಡಿಯಲ್ಲಿ ಹಿಡಿದು ಕುಡಿಯುವಷ್ಟು ತಿಳಿಯಾಗಿತ್ತು. ಗುಡ್ಡದಿಂದ ಇಳಿದ ಅಷ್ಟಿಷ್ಟು ಮಣ್ಣೂ ಕೆರೆಯ ತಳದಲ್ಲೇ ತಂಗಿದೆ, ಇಲ್ಲಿಂದ ಒಂದು ಹಿಡಿಯೂ ಹೊಳೆಗೆ ಹೋಗಿಲ್ಲ ಎಂದು ತಿಳಿಯಲು ಯಾವ ಯಂತ್ರವೂ ಬೇಕಿರಲಿಲ್ಲ.

ಹಾಗಾದರೆ ಜಲಾಶಯದಲ್ಲಿದ್ದ ಗೊರವನಗುಡ್ಡದ ಮಣ್ಣು ಬಂದದ್ದೆಲ್ಲಿಂದ? ಅವಳು ಹಳ್ಳದ ಗುಂಟ ಕೆಳಗಿಳಿದಳು. ಆರು ಮೈಲಿ ಕೆಳಗೆ ಕಟ್ಟಿಹಾಳ, ಕಣ್ಣು ಹಾಯುವವರೆಗೂ ಕಬ್ಬು. ಒಡ್ಡು ಎಂದೋ ಕಿತ್ತು ಹೊಲಗಳನ್ನು ಒಂದಾಗಿಸಿದ್ದರು. ಸಾಲುಗಳೆಲ್ಲ ನೇರ ಹೊಳೆಗೆ ಬಾಯಿ ತೆರೆದಿದ್ದವು. ನೀರು ಬಿಟ್ಟ ಗದ್ದೆಯಿಂದ ಚಹಾದಂಥ ರಾಡಿ ಹೊಳೆಗೆ ಬೀಳುತ್ತಿತ್ತು. ಹೊಲದಂಚಿಗೆ ಕೂತಿದ್ದ ದಾವಲಸಾಬ ಎಂಬ ಮುದುಕನನ್ನು ಅವಳು ಕೇಳಿದಳು, "ಅಜ್ಜಾರ, ಈ ಹೊಲದ ಮಣ್ಣು ಇಷ್ಟು ನುಣ್ಣಗ ಹ್ಯಾಂಗೈತ್ರಿ? ಇದು ಉಪ್ಪು ಹಿಡದ ಜವಳು ಭೂಮಿ ಅಲ್ಲೇನು?"

"ಜವಳ ಇತ್ತವ್ವ. ಗೊರವನಗುಡ್ಡದ ಕೆರಿ ಹೂಳು, ನಾವು ಗೋಡು ಅಂತೀವಿ, ಹೊಡದು ಹೊಡದು ಹಿಂಗ ಆಗೇತಿ," ಎಂದ ದಾವಲಸಾಬ. "ನಮ್ಮಪ್ಪನ ಕಾಲದಾಗ ಬಂಡಿಲೆ ಹೊಡೀತಿದ್ರು. ನಮ್ಮ ಕಾಲಕ್ಕ ಟ್ರ್ಯಾಕ್ಟರ್. ವರ್ಷಾ ಬ್ಯಾಸಿಗ್ಯಾಗ ಕೆರಿ ಬತ್ತಿದ ಕೂಡಲೇ ಹೋಗೋದು, ಗೋಡು ತುಂಬೋದು, ಇಲ್ಲಿ ಒಂದು ಗೇಣು ಹರವೋದು. ಆ ಊರವರು ಒಲ್ಲೆ ಅಂದವರಲ್ಲ. ಕೆರಿ ಹಸನಾಗ್ತೈತಿ ಅಂತ ತಾವೇ ಸಲಿಕಿ ಹಿಡಿಯೋರು. ಬದಲಿಗೆ ಪೆಂಟಿ ಬೆಲ್ಲ ಕೊಟ್ಟು ಬರ್ತಿದ್ವಿ. ಈಗ ಊರ ಇಲ್ಲ. ಹಿಂದಿನ ಗೋಡೇ ಅಷ್ಟಷ್ಟ ಹರದು ಹೊಂಟೈತಿ ನೋಡು."

ತೇಜಸ್ವಿನಿ ಬಗ್ಗಿ ಸಾಲಿನ ಮಣ್ಣು ಕೆದಕಿ, ಕೈಯಿಂದ ಅಳೆದು ನೋಡಿದಳು. ಒಂದು ಗೇಣು. ಕಟ್ಟಿಹಾಳದಲ್ಲಿ ಮಾದರಿ ತೆಗೆಯುವಾಗ ಕಸವೆಂದು ಕೆರೆದು ಹಾಕಿದ್ದು ಆ ಗೇಣನ್ನೇ. ಯಂತ್ರದ ಪಾಲಿಗೆ ಕಟ್ಟಿಹಾಳವೆಂದರೆ ಅಡಿಯ ಜವಳು ಮಣ್ಣು. ಮಳೆ ಕೊಚ್ಚಿಕೊಂಡು ಹೋಗುವುದು ಮೇಲಿನ ಗೇಣನ್ನಲ್ಲವೇ, ಅಡಿಯದನ್ನೇಕೆ ಒಯ್ದೀತು? ಆ ಮೇಲಿನ ಗೇಣಿಗಿದ್ದದ್ದು ಗೊರವನಗುಡ್ಡದ ಗುರುತು. ಯಂತ್ರ ನೂರಕ್ಕೆ ತೊಂಬತ್ತೇಳು ಪಡೆದ ಪರೀಕ್ಷೆಯೂ ಅಷ್ಟೇ, ಅದಕ್ಕೆ ಕೊಟ್ಟ ಮಣ್ಣೂ ಗೇಣಿನಡಿಯದೇ. ತಾನೇ ಬರೆದ ಪ್ರಶ್ನೆಗೆ ತಾನೇ ಉತ್ತರ ಬರೆದು ತಾನೇ ಅಂಕ ಹಾಕಿಕೊಂಡಿದ್ದಳು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಈ ಗೋಡಿನ ಸಂಗತಿ ಅವಳಿಗೆ ಮೊದಲೇ ಗೊತ್ತಿತ್ತು. ಕುಂಬಾರನ ಮಗಳು ಅವಳು. ಅಪ್ಪ ಗಡಿಗೆಗೆ ಮಣ್ಣು ತರುತ್ತಿದ್ದದ್ದು ಅದೇ ಕೆರೆಯಿಂದ. ಬೇಸಿಗೆ ರಜೆಯಲ್ಲಿ ಗೋಡು ತುಂಬಿದ ಟ್ರ್ಯಾಕ್ಟರಿನ ಮೇಲೆ ಕೂತು ಅಕ್ಕನ ಜೊತೆ ಇದೇ ಕಟ್ಟಿಹಾಳಕ್ಕೆ ಬಂದು, ಬೆಲ್ಲ ತಿಂದು, ಖಾಲಿ ಟ್ರೇಲರಿನಲ್ಲಿ ಕುಣಿಯುತ್ತ ಹೋದವಳು. ಪ್ರಯೋಗಾಲಯದ ಗಾಜಿನ ಬಾಗಿಲು ದಾಟಿದ ಮೇಲೆ ಒಂದು ದಿನವೂ ಅದು ನೆನಪಾಗಲಿಲ್ಲ. ಥೂ, ಎಂಥ ವಿದ್ಯೆ ಕಲಿತೆ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕಟಗೇರಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಬಾಳ ಮಹತ್ವದ ಸಂಶೋಧನೆರಿ ಇದು," ಎಂದರು. "ಮುಂದಿನ ಸಂಚಿಕೆಯಾಗ ಹಾಕೋಣು."

ಹಾಕಿದರು. ಹನ್ನೊಂದನೆಯ ಪುಟ, ನಿವೃತ್ತಿ ಸಮಾರಂಭದ ಸುದ್ದಿಯ ಕೆಳಗೆ: 'ತಾಂತ್ರಿಕ ಸೂಚನೆ. ಇನ್ನು ಮುಂದೆ ಮಾದರಿಗಳನ್ನು ಮೇಲ್ಮಣ್ಣು ಸಹಿತ ಸಂಗ್ರಹಿಸತಕ್ಕದ್ದು.' ಗೊರವನಗುಡ್ಡದ ಹೆಸರಿರಲಿಲ್ಲ.

"ಊರಿನ ಗತಿ ಏನ್ರಿ ಸರ್?" ಎಂದು ತೇಜಸ್ವಿನಿ ಅವರ ಮೇಜಿನ ಮುಂದೆ ನಿಂತಳು. ಕಟಗೇರಿ ಪಕ್ಕದಲ್ಲಿ ಕೂತಿದ್ದ ಸಂಘದ ವಕೀಲರ ಕಡೆ ನೋಡಿದರು. ವಕೀಲ ಮಕಾನದಾರ ಅರವತ್ತು ದಾಟಿದ, ಸುಳ್ಳು ಕೇಳಿ ಕೇಳಿ ದಣಿದ ಮನುಷ್ಯ. ಕಾಯ್ದೆಯ ಪುಸ್ತಕ ತೆರೆಯದೆಯೇ ಹೇಳಿದರು.

"ಯಂತ್ರ ಸುಧಾರಿಸಿದಾಗೆಲ್ಲ ಊರಿನವರು ಕೋರ್ಟಿಗೆ ಬರ್ತಾರಂತ ಕಾಯ್ದೇದಾಗ ಬಾಗಲಾ ಮುಚ್ಯಾರ್ರಿ ಮೇಡಂ. ಸದುದ್ದೇಶದಿಂದ ಆದ ತಪ್ಪಿಗೆ ವಿಶ್ರಾಂತಿ ಆದೇಶ ಬದಲಾಗೂದಿಲ್ಲ. ವಿಜ್ಞಾನಿ ಗೊತ್ತಿದ್ದೂ ಮೋಸ ಮಾಡ್ಯಾರ ಅಂತ ರುಜುವಾತಾದರ ಮಾತ್ರ ಆದೇಶ ತಾನ ಬಿದ್ದುಹೋಗ್ತೈತಿ. ನೀವು ಮೋಸ ಮಾಡಿಲ್ಲ. ಹಿಂಗಾಗಿ ಊರು ತಿರುಗಿ ಸಿಗೂದಿಲ್ಲ."

ಅಂದರೆ ಅವಳ ಪ್ರಾಮಾಣಿಕತೆಯೇ ಊರಿನ ಬಾಗಿಲಿಗೆ ಬಿದ್ದ ಬೀಗ. ತೇಜಸ್ವಿನಿಗೆ ನಗು ಬಂತು. ಕಟಗೇರಿ ಗಾಬರಿಯಾಗಿ ನೀರು ತರಿಸಿದರು.

ಅಂದು ಸಂಜೆ ಅವಳು ವಸತಿ ಗೋಪುರಕ್ಕೆ ಹೋದಳು. ಒಂಬತ್ತನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಕಸ್ತೂರಿ ಒಬ್ಬಳೇ ಇದ್ದಳು. ಅವಳ ಗಂಡ ಕಲ್ಲಪ್ಪ ಅಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದ. ರೋಗವೇನೂ ಇರಲಿಲ್ಲ. ಕೈಗೆ ಕೆಲಸವಿಲ್ಲದೆ ಕಿಟಕಿಯ ಹತ್ತಿರ ಕೂತು ಕೂತು ಒಂದು ದಿನ ಏಳಲಿಲ್ಲ. ಮಣ್ಣು ಕೊಡಲು ತೇಜಸ್ವಿನಿ ಬಂದಾಗಲೂ ಅಕ್ಕತಂಗಿಯರ ನಡುವೆ ಮಾತಾಗಿರಲಿಲ್ಲ. ಬಾಗಿಲು ತೆರೆದ ಕಸ್ತೂರಿ ತಂಗಿಯನ್ನು ಕಂಡು, ಬಾಗಿಲನ್ನು ಹಾಗೇ ಬಿಟ್ಟು ಅಡುಗೆಮನೆಗೆ ಹೋದಳು. ಅಲ್ಲಿ ಹರವಿದ್ದ ಡಬ್ಬಿಗಳ ನಡುವೆ ಕೂತು ಬೀಜದ ಜೋಳ ಆರಿಸತೊಡಗಿದಳು. ಅರ್ಧಕ್ಕರ್ಧ ನುಸಿ ಹತ್ತಿತ್ತು.

"ಬೀಜ ಎರಡು ವರ್ಷ ತಡದಾವು. ಮೂರನೇ ವರ್ಷ ಮೊಳಿಯಂಗಿಲ್ಲ," ಎಂದಳು ಕಸ್ತೂರಿ, ಯಾರಿಗೋ ಹೇಳುವಂತೆ. ಮತ್ತೊಂದು ಡಬ್ಬಿ ಸುರುವಿಕೊಂಡು, ತಲೆ ಎತ್ತದೆಯೇ ಕೇಳಿದಳು, "ನೀ ಓದಿ ದೊಡ್ಡಾಕಿ ಆದಿ. ನಿನಗ ಗೊತ್ತಿರ್ತೈತಿ. ಊರಿಗೆ ಯಾವಾಗ ಬಿಡ್ತಾರ ತೇಜಿ?"

ಬೈದಿದ್ದರೆ ತೇಜಸ್ವಿನಿ ತಡೆದುಕೊಳ್ಳುತ್ತಿದ್ದಳು. ಹೀಗೆ ಕೇಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. "ಈ ಬೀಜ ಕೆಡೂದ್ರಾಗ," ಎಂದು ಹೇಳಿ ಎದ್ದು ಬಂದಳು.

ಮರುದಿನ ಮಕಾನದಾರರ ಮನೆಗೆ ಹೋಗಿ, "ನಾ ಗೊತ್ತಿದ್ದ ಮಾಡೀನಿ ಅಂತ ಬರಕೊಡ್ತೀನ್ರಿ," ಎಂದಳು.

ಮಕಾನದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಂಘದ ವಕೀಲ ನಾನು, ಈ ಮಾತು ನನ್ನ ಮುಂದ ಆಡಬಾರದಿತ್ತವಾ," ಎಂದರು. ಆದರೂ ಎದ್ದು ಬಾಗಿಲು ಮುಚ್ಚಿ ಬಂದರು. "ನಾಲ್ಕು ವರ್ಷ ಜೈಲು ಆದೀತು. ನೌಕರಿ ಹೋದೀತು. ಯಾಕ ಮಾಡಿದಿ ಅಂತ ಕೇಳ್ತಾರ, ಅದಕ್ಕ ಉತ್ತರ ಬೇಕು."

"ಹೆಸರು ಬರಲಿ ಅಂತ ಮಾಡಿದೆ ಅಂತೀನ್ರಿ. ಅದು ಪೂರ್ತಿ ಸುಳ್ಳೂ ಅಲ್ಲ."

"ಇನ್ನೊಂದು ಐತಿ. ಊರು ಉಳಸಾಕ ಹೂಡಿದ ಆಟ ಇದು ಅಂತ ಒಬ್ಬರ ಬಾಯಿಂದ ಹೊರಬಿದ್ದರೂ ಆದೇಶ ಮತ್ತ ಎದ್ದು ಕೂಡ್ತೈತಿ. ಗಂಡಗೂ ಹೇಳುವಂಗಿಲ್ಲ. ಅಕ್ಕಗಂತೂ ಸಾಯೋತನಕ ಹೇಳುವಂಗಿಲ್ಲ. ಆದೀತೇನು?"

ತೇಜಸ್ವಿನಿ ತಲೆಯಾಡಿಸಿದಳು. ಹೇಳಿಕೆಯನ್ನು ಅಲ್ಲೇ ಕೂತು ಬರೆದಳು. ಆಯುಷ್ಯದಲ್ಲಿ ಮೊದಲ ಸಲ ಕಾಗದದ ಮೇಲೆ ಸುಳ್ಳು ಬರೆಯುತ್ತಿದ್ದಳು, ಆದರೂ ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಸುದ್ದಿ ತಿಳಿದಾಗ ಗಿರಿಮಲ್ಲ ನಂಬಲೇ ಇಲ್ಲ. ಅವಳು ಮೂರು ಸಲ ಅದನ್ನೇ ಹೇಳಿದ ಮೇಲೆ ನಂಬಿದ. ಆಮೇಲೆ ತನ್ನ ತಟ್ಟೆಯನ್ನು ಬೇರೆ ಕೋಣೆಗೆ ಒಯ್ದು ಉಣ್ಣತೊಡಗಿದ.

ಸಂಘದ ಪತ್ರಿಕೆ ಅವಳನ್ನು ಸದಸ್ಯತ್ವದಿಂದ ಕಿತ್ತುಹಾಕಿದ ಸುದ್ದಿಯನ್ನು ಮೊದಲನೆಯ ಪುಟದಲ್ಲಿ ಹಾಕಿತು. 'ಒಬ್ಬರ ವಂಚನೆಯಿಂದ ಯಂತ್ರದ ವಿಶ್ವಾಸಾರ್ಹತೆಗೆ ಕುಂದಿಲ್ಲ' ಎಂದು ಕಟಗೇರಿ ಸಂಪಾದಕೀಯ ಬರೆದರು. ಉಳಿದ ನಲವತ್ತೆರಡು ವಿಶ್ರಾಂತಿ ಊರುಗಳ ಮಾತೇ ಅದರಲ್ಲಿರಲಿಲ್ಲ. ಅಲ್ಲೂ ಗೇಣು ಮಣ್ಣು ಕೆರೆದೇ ಮಾದರಿ ತೆಗೆದಿದ್ದರು. ಆ ಊರುಗಳ ವರದಿಗೆ ಸಹಿ ಹಾಕಿದವರು ಬೇರೆ ಬೇರೆ ವಿಜ್ಞಾನಿಗಳು, ಎಲ್ಲರೂ ಪ್ರಾಮಾಣಿಕರು.

ವಿಚಾರಣೆಯಲ್ಲಿ ಒಂದೇ ಒಂದು ಸಾಕ್ಷಿ ಬೇಕಿತ್ತು. ಗೋಡು ಸಾಗಿಸುವ ಪದ್ಧತಿ ಆರೋಪಿಗೆ ಮೊದಲೇ ತಿಳಿದಿತ್ತು ಎಂದು ಹೇಳುವವರು ಯಾರು? ಸರ್ಕಾರಿ ವಕೀಲರು ಕಸ್ತೂರಿಯನ್ನು ಕಟಕಟೆಗೆ ಕರೆದರು.

"ನಿಮ್ಮ ತಂಗಿ ಚಿಕ್ಕವಳಿದ್ದಾಗ, ಕಟ್ಟಿಹಾಳದವರು ನಿಮ್ಮೂರ ಕೆರೆಯಿಂದ ಗೋಡು ಒಯ್ಯುವುದನ್ನು ನೋಡಿದ್ದಳೇ?"

ಕಸ್ತೂರಿ ತಂಗಿಯ ಕಡೆ ನೋಡಿದಳು. "ನೋಡಿದ್ಲೇನು ಅಂತ ಕೇಳ್ತೀರಿ? ಆ ಟ್ರ್ಯಾಕ್ಟರಿನ ಮ್ಯಾಲೆ ನನ್ನ ತೊಡಿಮ್ಯಾಲೆ ಕುಂತು ಹೋಗ್ತಿದ್ಲರಿ," ಎಂದಳು. ಅಷ್ಟು ಸಾಕಾಯಿತು. ಗೊರವನಗುಡ್ಡದ ವಿಶ್ರಾಂತಿ ಆದೇಶ ರದ್ದಾಯಿತು. ತೇಜಸ್ವಿನಿಗೆ ನಾಲ್ಕು ವರ್ಷ ಜೈಲಾಯಿತು.

ನ್ಯಾಯಾಲಯದ ಮೊಗಸಾಲೆಯಲ್ಲಿ ಮಹಿಳಾ ಪೇದೆ ಅವಳನ್ನು ಬೆಂಚಿನ ಮೇಲೆ ಕೂರಿಸಿದ್ದಳು. ಹೊರಗೆ ಗೊರವನಗುಡ್ಡದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ಆ ಗದ್ದಲ ಬಿಟ್ಟು ಕಸ್ತೂರಿ ಒಳಗೆ ಬಂದು ತಂಗಿಯ ಎದುರು ನಿಂತಳು. ಮುಖದಲ್ಲಿ ಸಂತೋಷವಿರಲಿಲ್ಲ.

"ತೇಜಿ, ಮರತಿದ್ದೆ ಅನ್ನು. ಓದೂ ಭರದಾಗ, ದೊಡ್ಡಾಕಿ ಆಗೂ ಭರದಾಗ ಮರತಬಿಟ್ಟಿದ್ದೆ ಅಕ್ಕಾ ಅನ್ನು. ಕೋರ್ಟು ಏನರ ಅನ್ಲಿ. ನೀ ಒಂದು ಮಾತು ಅಂದರ ನಾ ನಂಬತೀನಿ."

ತುಸು ದೂರದಲ್ಲಿ ಮಕಾನದಾರರು ಕಡತ ಕಟ್ಟುತ್ತಿದ್ದರು. ಅವರ ಕೈ ನಿಂತಿತು. ಪೇದೆ ಪಕ್ಕದಲ್ಲೇ ಇದ್ದಳು, ಪತ್ರಿಕೆಯವರು ಬಾಗಿಲಿನಲ್ಲೇ ಇದ್ದರು. ತೇಜಸ್ವಿನಿಯ ನಾಲಿಗೆಗೆ ಅಕ್ಕಾ ಎಂಬ ಎರಡಕ್ಷರ ಬಂದು, ಅದರ ಹಿಂದೆಯೇ ಉಳಿದದ್ದೆಲ್ಲ ನೂಕಿಕೊಂಡು ಬಂತು. ಅವಳು ಬಾಗಿಲಿನ ಕಡೆ ನೋಡಿದಳು.

"ಮರತಿರಲಿಲ್ಲ. ನೆನಪಿತ್ತು," ಎಂದಳು.

"ನಿನ್ನ ಭಾವ ಸತ್ತಾಗೂ ನೆನಪಿತ್ತೇನು?"

"ಇತ್ತು."

ಕಸ್ತೂರಿ ಒಂದು ಹೆಜ್ಜೆ ಮುಂದೆ ಬಂದಳು. ಹೊಡೆಯುತ್ತಾಳೆಂದು ಪೇದೆ ಅಡ್ಡ ಬಂದಳು. ಕಸ್ತೂರಿ ಹೊಡೆಯಲಿಲ್ಲ.

"ನಾಳೆ ನಾವು ಊರಿಗೆ ಹೊಂಟೀವಿ," ಎಂದಳು. "ಜೈಲಿಂದ ಹೊರಗ ಬಂದಮ್ಯಾಲ ನೀ ಎಲ್ಲಿಗ್ಯಾರ ಹೋಗು. ಗೊರವನಗುಡ್ಡದಾಗ ಮಾತ್ರ ಕಾಲಿಡಬ್ಯಾಡ."

"ಆಗಲಿ ಅಕ್ಕ," ಎಂದಳು ತೇಜಸ್ವಿನಿ.